ಕೊಲೆಗಾರ ಯಾರೆಂದು ಉಣಕಲ್ಲಿನಲ್ಲೇ ಗೊತ್ತಾಯಿತು

ಒಂಬತ್ತು ತಾಸಿನ ಪತ್ತೇದಾರಿ ಕಾದಂಬರಿಯೊಂದನ್ನು ಹೋದ ಸೋಮವಾರ ಧಾರವಾಡದ ಜುಬ್ಲಿ ಸರ್ಕಲ್ಲಿನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದಾಗ ಕೇಳಲು ಶುರು ಮಾಡಿದ್ದೆ. ಮಂಗಳವಾರ ಬೆಳಿಗ್ಗೆ ಬಸ್ಸು ಉಣಕಲ್ ಮುಟ್ಟುವಷ್ಟರಲ್ಲಿ ಕೊಲೆಗಾರ ಯಾರೆಂದು ತಿಳಿದುಹೋಯಿತು. ಇನ್ನೂ ಏಳು ತಾಸು ಬಾಕಿ ಇತ್ತು. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಗ್ಯಾಸಿನ ಪುಸ್ತಕವನ್ನು ನಾನೇ ಎಲ್ಲಿಟ್ಟಿದ್ದೇನೆಂದು ಮೂರು ತಿಂಗಳಿಂದ ಪತ್ತೆ ಹಚ್ಚಲಾಗದವಳು ನಾನು. ಬರೆದವರ ತಪ್ಪೂ ಅಲ್ಲ. ಅವರು ಕೊಲೆಗಾರನನ್ನು ಚೆನ್ನಾಗಿಯೇ ಬಚ್ಚಿಟ್ಟಿದ್ದರು. ಹಿಡಿದುಕೊಟ್ಟವರು ಅದನ್ನು ಮೈಕಿನ ಮುಂದೆ ಗಟ್ಟಿಯಾಗಿ ಓದಿದವರು.

ಮೂರು ವರ್ಷದ ಹಿಂದೆ ಕಣ್ಣಿನ ಆಪರೇಷನ್ ಆದಮೇಲೆ ಬಸ್ಸಿನಲ್ಲಿ ಓದುವುದು ನಿಂತು, ಕೇಳುವುದು ಶುರುವಾದದ್ದು ನಿಮಗೆಲ್ಲ ಗೊತ್ತೇ ಇದೆ. ನಾನು ಕೇಳುವುದು ಕೊಲೆ, ಕಳವು, ದೆವ್ವ, ಮುಚ್ಚಿದ ಬಂಗಲೆ ಇಂಥವನ್ನೇ ಎಂಬುದೂ ಗೊತ್ತಿದೆ. 'ಗಂಭೀರವಾದದ್ದೇನಾದರೂ ಕೇಳಬಾರದೇ' ಎಂದು ಪ್ರತಿ ಸಲ ಕೇಳುವ ಗೆಳತಿಯರಿಗೆ ಮತ್ತೊಮ್ಮೆ ಹೇಳುತ್ತೇನೆ: ಗಂಭೀರವಾದದ್ದನ್ನು ಭಾನುವಾರ ಮನೆಯಲ್ಲಿ ಕೂತು, ದೊಡ್ಡ ಅಕ್ಷರ ಮಾಡಿಕೊಂಡು ಓದುತ್ತೇನೆ. ಬಸ್ಸಿನಲ್ಲಿ ನನಗೆ ಹೆಣವೇ ಬೇಕು.

ಈಗ ಉಣಕಲ್ಲಿನಲ್ಲಿ ಆದದ್ದೇನೆಂದು ಹೇಳುತ್ತೇನೆ. ಕಥೆ ಮಲೆನಾಡಿನ ಒಂದು ಕಾಫಿ ತೋಟದ ಮನೆಯದು. ಯಜಮಾನ ಸತ್ತಿದ್ದಾನೆ. ಹೆಂಡತಿ, ತಂಗಿ, ತಂಗಿಯ ಗಂಡ, ತೋಟದ ಲೆಕ್ಕ ಬರೆಯುವ ರೈಟರು, ಅಡಿಗೆಯವನು ಹೀಗೆ ಐದಾರು ಜನರ ಮೇಲೆ ಗುಮಾನಿ. ಐದನೆಯ ಅಧ್ಯಾಯದಲ್ಲಿ ರಾತ್ರಿ ಕಪ್ಪು ಆಕೃತಿಯೊಂದು ಹಿತ್ತಲ ಬಾಗಿಲಿನಿಂದ ಹೊರಬೀಳುತ್ತದೆ, ಬಾವಿಕಟ್ಟೆಯ ಹತ್ತಿರ ನಿಲ್ಲುತ್ತದೆ, ಕೆಮ್ಮುತ್ತದೆ. ಲೇಖಕರು ಬರೆದದ್ದು 'ಆಕೃತಿ ಕೆಮ್ಮಿತು' ಎಂಬ ಎರಡು ಶಬ್ದ ಮಾತ್ರ. ಓದುವವರು ಅಷ್ಟಕ್ಕೆ ಬಿಡದೆ ತಾವೂ ಕೆಮ್ಮಿದರು. ಕೆಮ್ಮಿದ್ದು ಬೇರೆ ಯಾರದೋ ಕೆಮ್ಮಲ್ಲ. ಮೊದಲ ಅಧ್ಯಾಯದಿಂದ ತಂಗಿಯ ಗಂಡನ ಪ್ರತಿ ಮಾತಿನ ಮುಂಚೆಯೂ ಗಂಟಲು ಸರಿಮಾಡಿಕೊಳ್ಳುತ್ತ ಬಂದಿದ್ದರಲ್ಲ, ಅದೇ ಕೆಮ್ಮು. ಆ ಗಂಟಲಿನ ಅಭ್ಯಾಸ ಪುಸ್ತಕದಲ್ಲಿ ಇಲ್ಲವೇ ಇಲ್ಲ ಎಂಬುದನ್ನು ನಾನು ಶನಿವಾರ ಅಚ್ಚಿನ ಪ್ರತಿ ಹುಡುಕಿ ತಂದು, ಭೂತಗನ್ನಡಿ ಹಿಡಿದು ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಪಾತ್ರಗಳನ್ನು ಒಂದರಿಂದ ಇನ್ನೊಂದು ಬೇರೆ ಮಾಡಲು ಓದುವವರು ಹಾಕಿಕೊಟ್ಟ ಕೆಮ್ಮು ಅದು. ಹಾಕಿದವರೇ ಮರೆತು, ಕತ್ತಲಲ್ಲಿ ಮತ್ತೊಮ್ಮೆ ಹಾಕಿದರು. ಆಮೇಲಿನ ಏಳು ತಾಸು ನಾನು ಪತ್ತೇದಾರಿ ಕಾದಂಬರಿ ಕೇಳಲಿಲ್ಲ. ಬಹಳ ದಡ್ಡನಾದ ಒಬ್ಬ ಪೊಲೀಸ್ ಅಧಿಕಾರಿ ನನಗೆ ಮೊದಲೇ ಗೊತ್ತಿದ್ದುದನ್ನು ತಿಳಿದುಕೊಳ್ಳಲು ಪಟ್ಟ ಪಾಡನ್ನು ಕೇಳಿದೆ.

ಕನ್ನಡದಲ್ಲಿ ಕೊಲೆಗಾರನನ್ನು ಬಚ್ಚಿಡುವುದು ಎಷ್ಟು ಕಷ್ಟವೆಂದು ಈ ಓದುವವರು ಯಾವತ್ತಾದರೂ ಯೋಚಿಸಿದ್ದಾರೆಯೇ? ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಲಿಂಗವಿಲ್ಲ. ನಮ್ಮಲ್ಲಿ 'ಬಂದನು' ಎಂದು ಬರೆದರೆ ಅರ್ಧ ಜನ ನಿರ್ದೋಷಿಗಳಾಗಿಬಿಡುತ್ತಾರೆ, 'ಬಂದಳು' ಎಂದರೆ ಉಳಿದರ್ಧ, 'ಬಂದರು' ಎಂದರೆ ಮನೆಯ ಹಿರಿಯರ ಮೇಲೆ ಕಣ್ಣು ಹೋಗುತ್ತದೆ. ಆದ್ದರಿಂದಲೇ ನಮ್ಮ ಪತ್ತೇದಾರಿ ಲೇಖಕರು 'ಆಕೃತಿ', 'ನೆರಳು', 'ಆ ಕಡೆಯ ದನಿ' ಎಂದೆಲ್ಲ ನಪುಂಸಕ ಲಿಂಗದ ಹಿಂದೆ ಅಡಗಿಕೊಳ್ಳುತ್ತ, ಮುನ್ನೂರು ಪುಟಗಳವರೆಗೆ ಒಂದು ಪ್ರತ್ಯಯವೂ ಜಾರದಂತೆ ಉಸಿರು ಬಿಗಿಹಿಡಿದು ಬರೆಯುತ್ತಾರೆ. 'ಆ ಕಡೆಯ ದನಿ ಬೆದರಿಸಿತು' ಎಂಬ ವಾಕ್ಯಕ್ಕೆ ಕಾಗದದ ಮೇಲೆ ದನಿಯೇ ಇಲ್ಲ. ಅದೇ ಅದರ ಸೊಗಸು. ಅದನ್ನು ಗಟ್ಟಿಯಾಗಿ ಓದುವವರು ಹೆಣ್ಣು ದನಿಯನ್ನೋ ಗಂಡು ದನಿಯನ್ನೋ ತೊಡಿಸಿದ ಕ್ಷಣದಲ್ಲಿ ಲೇಖಕರ ಆರು ತಿಂಗಳ ದುಡಿಮೆ ಮಣ್ಣುಪಾಲಾಗುತ್ತದೆ.

ಅಡಿಗೆಯವನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ನನ್ನ ಸಿಟ್ಟಿಗೆ ಊರಿನ ಅಭಿಮಾನವೂ ಸೇರಿಕೊಂಡಿದೆ. ಪುಸ್ತಕದಲ್ಲಿ ಅವನು ಎಲ್ಲರಂತೆ ಸಾದಾ ಬರವಣಿಗೆಯ ಕನ್ನಡ ಆಡುತ್ತಾನೆ. 'ಬಯಲುಸೀಮೆಯಿಂದ ಬಂದವನು' ಎಂಬ ಒಂದೇ ಮಾತಿದೆ. ಓದುವವರಿಗೆ ಅಷ್ಟು ಸಾಕಾಯಿತು. 'ಏನ್ರೀಈಈ ಸಾಹೇಬ್ರಾ' ಎಂದು ಎಳೆದದ್ದೇ ಎಳೆದದ್ದು. ಒಂದೇ ವಾಕ್ಯದಲ್ಲಿ 'ಐತಿ' ಎಂದೂ ಅಂದರು, 'ಅದ' ಎಂದೂ ಅಂದರು. ನಮ್ಮ ಕಡೆ 'ಐತಿ' ಅನ್ನುವ ಮನೆಯವರು 'ಐತಿ' ಅನ್ನುತ್ತಾರೆ, 'ಅದ' ಅನ್ನುವ ಮನೆಯವರು 'ಅದ' ಅನ್ನುತ್ತಾರೆ; ಒಂದೇ ಉಸಿರಿನಲ್ಲಿ ಎರಡನ್ನೂ ಅನ್ನುವವನನ್ನು ನಾನು ನವಲಗುಂದದಿಂದ ಹಿರೇಕೆರೂರಿನವರೆಗೆ ಎಲ್ಲಿಯೂ ಕಂಡಿಲ್ಲ. ಅದೂ ಹೋಗಲಿ, ಭಾಷೆಯ ಅವಮಾನವನ್ನು ನಾವು ಸಿನಿಮಾದವರಿಂದಲೇ ಸಾಕಷ್ಟು ನುಂಗಿ ರೂಢಿಯಾಗಿದೆ. ನನ್ನ ತಕರಾರು ಪತ್ತೇದಾರಿಯದು: ನಗಿಸುವ ದನಿ ಕೊಟ್ಟ ಕೂಡಲೇ ಅಡಿಗೆಯವನು ಶಂಕಿತರ ಸಾಲಿನಿಂದ ಹೊರಬಿದ್ದ. ಧಾರವಾಡದ ಮಾತಾಡುವವನು ಇವರ ಪ್ರಕಾರ ಚಹಾ ತರಬಹುದು, ಹೆಣ ನೋಡಿ ಹೌಹಾರಬಹುದು, ಆದರೆ ಕೊಲೆ ಮಾಡುವಷ್ಟು ತಲೆ ಅವನಿಗೆಲ್ಲಿಂದ ಬರಬೇಕು? ನಮ್ಮವರಿಗೂ ಒಂದು ಸಲ ಅಚ್ಚುಕಟ್ಟಾಗಿ ಕೊಲೆ ಮಾಡುವ ಅವಕಾಶ ಕೊಟ್ಟು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ದೆವ್ವದ ಕಥೆಗಳದ್ದು ಇನ್ನೊಂದು ಬಗೆ. ಅಲ್ಲಿ ಬಿಟ್ಟುಕೊಡುವ ಕೆಲಸವನ್ನು ಹಿನ್ನೆಲೆ ಸಂಗೀತ ಮಾಡುತ್ತದೆ. ನಾಯಕಿ ಇನ್ನೂ ಲಾಟೀನಿಗೆ ಎಣ್ಣೆ ಹಾಕುತ್ತಿರುತ್ತಾಳೆ, ಅಷ್ಟರಲ್ಲಿ ಕಿವಿಯೊಳಗೆ ಯಾರೋ ತಗಡು ಕೆರೆಯತೊಡಗುತ್ತಾರೆ. ಬಾಗಿಲು ತೆರೆದಾಗ ಹೆದರಲು ನನ್ನಲ್ಲಿ ಏನೂ ಉಳಿದಿರುವುದಿಲ್ಲ.

ಈ ಮಾತನ್ನೆಲ್ಲ ನಾನು ಹುಬ್ಬಳ್ಳಿಯ ನನ್ನ ಗೆಳೆಯರೊಬ್ಬರ ಹತ್ತಿರ ತೋಡಿಕೊಂಡೆ. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿತವರು, ಈಗ ಮಕ್ಕಳಿಗೆ ಕಲಿಸುತ್ತಾರೆ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನನಗಿಂತ ನಾಲ್ಕು ಪಟ್ಟು ಹೆಚ್ಚು ಕೊಲೆಗಳನ್ನು ಕೇಳಿರುವ ಮನುಷ್ಯ. ಅವರು ಮೊಬೈಲಿನ ಯಂತ್ರದ ದನಿಯಲ್ಲಿ, ಅದೂ ದುಪ್ಪಟ್ಟು ವೇಗದಲ್ಲಿ ಕೇಳುತ್ತಾರೆ. ಪಕ್ಕದಲ್ಲಿ ಕೂತವರಿಗೆ ಹುರಿಗಡಲೆ ಹುರಿದಂತೆ ಕೇಳಿಸುತ್ತದೆ, ಅವರಿಗೆ ಒಂದಕ್ಷರವೂ ತಪ್ಪುವುದಿಲ್ಲ. ನನ್ನ ದೂರನ್ನು ಪೂರ್ತಿ ಕೇಳಿ ನಕ್ಕರು. 'ಮಶೀನಿಗೆ ಯಾರು ಕೊಂದಾರಂತ ಗೊತ್ತಿರಂಗಿಲ್ಲ ನೋಡ್ರಿ ಅಕ್ಕಾರ, ಅದಕ್ಕs ಅದು ಗುಟ್ಟು ಬಿಟ್ಟುಕೊಡಂಗಿಲ್ಲ' ಎಂದರು.

ನಾಲ್ಕು ದಿನದಿಂದ ಈ ಮಾತು ತಲೆಯಲ್ಲಿ ಕೊರೆಯುತ್ತಿದೆ. ಆದರೂ ಯಂತ್ರವನ್ನು ನಾನು ಒಪ್ಪಲಾರೆ. 'ಅವನು ಸತ್ತಿಲ್ಲ' ಎಂಬುದನ್ನೂ 'ಅವನು ಸತ್ತಿಲ್ಲ?' ಎಂಬುದನ್ನೂ ನನ್ನ ಮೊಬೈಲಿನ ದನಿ ಒಂದೇ ಸಮ ಓದುತ್ತದೆ. ಕೊಲೆಯ ಕಥೆಯಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ. ಯಂತ್ರಕ್ಕೆ ಗೊತ್ತಿಲ್ಲದ್ದು ಅದರ ಗುಣವೇನಲ್ಲ, ಅದಕ್ಕೆ ಏನೂ ಗೊತ್ತಿಲ್ಲ ಅಷ್ಟೆ. ನಾನು ಕೇಳುತ್ತಿರುವುದು ಎಲ್ಲ ಗೊತ್ತಿದ್ದೂ ಬಾಯಿ ಬಿಡದ ಮನುಷ್ಯರ ದನಿ. ಅಷ್ಟಕ್ಕೂ ಈ ಬೇಡಿಕೆ ನನ್ನ ಕಾಲದ್ದೇನಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ ಅಂಧರಿಗಾಗಿ 'ಮಾತಾಡುವ ಪುಸ್ತಕ'ಗಳನ್ನು ಗ್ರಾಮೋಫೋನ್ ತಟ್ಟೆಗಳಲ್ಲಿ ಹೊರತಂದಾಗ, ಮೊಟ್ಟಮೊದಲು ಬಂದ ಪುಸ್ತಕಗಳಲ್ಲಿ ಒಂದು ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್'. ಅದನ್ನು ಓದಿದವರಿಗೆ ಗೊತ್ತು, ಓದದವರಿಗೆ ನಾನು ಹೇಳುವವಳಲ್ಲ: ಆ ಪುಸ್ತಕವನ್ನು ಗಟ್ಟಿಯಾಗಿ ಓದುವವರು ಒಂದೇ ಒಂದು ಕಡೆ ದನಿ ನಡುಗಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರೂ ಇದ್ದ ಆ ಕೇಳುಗರಿಗೆ, ಕಾಣುವವರಿಗೆ ಸಿಗುವಷ್ಟೇ ಕುತೂಹಲ ಸಿಗಬೇಕೆಂದು ಆ ಪುಸ್ತಕವನ್ನು ಆರಿಸಿದವರಿಗೆ ಅನಿಸಿದ್ದಿರಬೇಕು ಎಂದು ನಾನು ನಂಬಿದ್ದೇನೆ. ನನ್ನ ತಬಲಾ ಗೆಳೆಯರು ಮನುಷ್ಯರ ದನಿ ಬಿಟ್ಟು ಯಂತ್ರದ ಮೊರೆ ಹೋಗಿದ್ದಾರೆಂದರೆ, ನಾಚಿಕೆಪಡಬೇಕಾದವರು ಯಾರು?

ಇದಕ್ಕೆ ಉತ್ತರವಾಗಿ ನೀವು ಏನು ಹೇಳುತ್ತೀರೆಂದು ನನಗೆ ಗೊತ್ತು. ನಮ್ಮದು ಕೇಳುವ ನಾಡು, ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನ ಭಾರತ ಹುಟ್ಟಿದ ಸೀಮೆ, ಗಮಕಿಗಳು ಭಾವ ತುಂಬಿ ವಾಚಿಸಿದರೆ ಜನ ಕಣ್ಣೀರು ಹಾಕುತ್ತಿದ್ದರು, ಸಪ್ಪಗೆ ಓದಿದರೆ ಯಾರು ಕೇಳುತ್ತಾರೆ ಎನ್ನುತ್ತೀರಿ. ಒಪ್ಪಿದೆ, ಅರ್ಧ ನಿಮಿಷದ ಮಟ್ಟಿಗೆ. ಕೀಚಕನನ್ನು ಕೊಂದವರು ಯಾರೆಂದು ವಿರಾಟನಗರಿಯವರಿಗೆ ಗೊತ್ತಿರಲಿಲ್ಲ, ಗಂಧರ್ವರು ಎಂದುಕೊಂಡರು. ಆದರೆ ಕೇಳುತ್ತ ಕೂತ ಗದಗಿನವರಿಗೆ ಹುಟ್ಟುವಾಗಲೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ಕೊಲೆಯನ್ನು ಎಷ್ಟು ಭಾವ ತುಂಬಿ ಬೇಕಾದರೂ ಓದಬಹುದು. ಮೇಲಾಗಿ ಒಳ್ಳೆಯ ಗಮಕಿ ರಾಗ ಬದಲಿಸುತ್ತಾರೆಯೇ ಹೊರತು ಭೀಮನಾಗಿ ಅಬ್ಬರಿಸುವುದಿಲ್ಲ, ಸೈರಂಧ್ರಿಯಾಗಿ ಕೀಚಲು ದನಿ ತೆಗೆಯುವುದಿಲ್ಲ. ಬಿಡಿಸಿ ಹೇಳುವ ಕೆಲಸಕ್ಕೆ ಪಕ್ಕದಲ್ಲಿ ವ್ಯಾಖ್ಯಾನಕಾರರು ಬೇರೆಯೇ ಕೂತಿರುತ್ತಾರೆ. ಧಾರವಾಡ ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದವಳು ನಾನು. ಅವುಗಳ ಉದಾಹರಣೆಯನ್ನೂ ಕೊಡಬೇಡಿ. ನಾಟಕವನ್ನು ದನಿಗಾಗಿಯೇ ಬರೆದಿರುತ್ತಾರೆ, ಕಾದಂಬರಿಯನ್ನು ಕಣ್ಣಿಗಾಗಿ.

ಈಗ ಒಂದು ತಪ್ಪೊಪ್ಪಿಗೆ. ಇದನ್ನು ಬರೆಯಬಾರದೆಂದುಕೊಂಡಿದ್ದೆ. ನಾನು ಹಾವೇರಿಯಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದಾಗ ನಮ್ಮ ಅಜ್ಜಿಗೆ ವಾರಪತ್ರಿಕೆಯ ಪತ್ತೇದಾರಿ ಧಾರಾವಾಹಿ ಓದಿ ಹೇಳುವ ಕೆಲಸ ನನ್ನದಾಗಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ರಾಶಿ ಹಾಕಿಕೊಂಡು ತೊಟ್ಟು ಮುರಿಯುತ್ತ, ಆಗಾಗ ಸೀನುತ್ತ ಕೇಳುತ್ತಿದ್ದಳು. ನಾನು ಪತ್ರಿಕೆ ಬಂದ ದಿನವೇ ಕದ್ದು ಮೊದಲು ಓದಿಕೊಂಡಿರುತ್ತಿದ್ದೆ, ಆಮೇಲೆ ಏನೂ ಅರಿಯದವಳಂತೆ ಅವಳ ಮುಂದೆ ಕೂರುತ್ತಿದ್ದೆ. ಕಡೆಯ ಕಂತಿನಲ್ಲಿ ಇನ್ನೂ ಎರಡು ಪುಟ ಇರುವಾಗ, ವಕೀಲನೊಬ್ಬನ ಹೆಸರು ಬಂದಲ್ಲಿ ಅಜ್ಜಿ ಕೈ ನಿಲ್ಲಿಸಿದಳು. 'ಯವ್ವಾ, ಅವನ ಹೆಸರು ಬಂದಲ್ಲೆಲ್ಲಾ ನಿನ್ನ ದನಿ ಸಣ್ಣ ಆಗಾಕತ್ತೈತಿ. ಅವನs ಕೊಂದಾನ' ಎಂದಳು. ನಾನು ಇಲ್ಲವೆಂದು ಸುಳ್ಳು ಹೇಳಿ ಓದು ಮುಂದುವರಿಸಿದೆ. ಅವಳು ಉಳಿದ ಎರಡು ಪುಟಗಳನ್ನು ನನ್ನ ಮರ್ಯಾದೆಗಾಗಿ ಕೇಳಿದಳು, ಮೆಣಸಿನಕಾಯಿಯಿಂದ ತಲೆ ಎತ್ತಲಿಲ್ಲ. ಮುಂದಿನ ಧಾರಾವಾಹಿಯನ್ನು ನಾನು ಮೊದಲೇ ಓದಿಕೊಳ್ಳಲಿಲ್ಲ. ಆದರೆ ಆಗ ಇನ್ನೊಂದು ಪಜೀತಿಯಾಯಿತು: ಉದ್ದ ವಾಕ್ಯಗಳಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಿಳಿಯದೆ ತಡವರಿಸಿದೆ, ಮುದುಕಿಯೆಂದು ಓದಿದ ಪಾತ್ರ ಮೂರನೆಯ ಕಂತಿನಲ್ಲಿ ಇಪ್ಪತ್ತರ ಹುಡುಗಿಯಾಯಿತು.

ಆದ್ದರಿಂದ ಕೆಲಸ ಸುಲಭವೆಂದು ನಾನು ಹೇಳುತ್ತಿಲ್ಲ. ಪುಸ್ತಕವನ್ನು ಪೂರ್ತಿ ಓದಿಕೊಳ್ಳದೆ ಮೈಕಿನ ಮುಂದೆ ಕೂರುವ ಹಾಗಿಲ್ಲ, ಕೂತಮೇಲೆ ಓದಿಕೊಂಡದ್ದನ್ನು ತೋರಿಸುವ ಹಾಗಿಲ್ಲ. ಗಾಳಿ ಬರದ ಸಣ್ಣ ಕೋಣೆಯಲ್ಲಿ, ಫ್ಯಾನಿನ ಸದ್ದು ದಾಖಲಾಗಬಾರದೆಂದು ಬೆವರುತ್ತ ಓದುವವರ ಕಷ್ಟ ನನಗೂ ಅರ್ಥವಾಗುತ್ತದೆ. 'ಅವರಿಗೆ ಸಿಗುವ ದುಡ್ಡೆಷ್ಟು, ನೀನು ಕೊಡುವ ಚಂದಾ ಎಷ್ಟು' ಎಂದು ನನ್ನ ಮಗ ಕೇಳಿದ. ಸರಿಯಾದ ಪ್ರಶ್ನೆಯೇ. ಆದರೆ ನಾನು ಹೆಚ್ಚಿಗೆ ಮಾಡಿರೆಂದು ಎಲ್ಲಿ ಕೇಳಿದೆ? ಕೆಮ್ಮಬೇಡಿ ಎಂದಿದ್ದೇನೆ. ಕೆಮ್ಮದಿರಲು ಜಾಸ್ತಿ ದುಡ್ಡು ಬೇಕೇ?

ಮಾಡಿ ತೋರಿಸುವವರೂ ಇದ್ದಾರೆ. ನಿನ್ನೆಯಿಂದ ಹೊಸದೊಂದು ಕೇಳುತ್ತಿದ್ದೇನೆ. ಓದುತ್ತಿರುವವರು ಒಬ್ಬ ಹೆಣ್ಣುಮಗಳು, ದನಿಯಲ್ಲಿ ವಯಸ್ಸಿದೆ. ಯಾರಿಗೂ ವೇಷ ತೊಡಿಸುವುದಿಲ್ಲ. ಮಾತಿನ ವೇಗವನ್ನು ಒಂದು ಕೂದಲೆಳೆ ಆಚೀಚೆ ಮಾಡುತ್ತಾರೆ, ಅಷ್ಟರಲ್ಲೇ ಅತ್ತೆ ಯಾರು ಸೊಸೆ ಯಾರು ತಿಳಿಯುತ್ತದೆ. ಹತ್ತನೆಯ ಅಧ್ಯಾಯದಲ್ಲಿ ಬಾಗಿಲ ಸಂದಿಯಿಂದ ಒಂದು ಚೀಟಿ ಒಳಗೆ ಬಂತು. ಚೀಟಿಯ ಒಕ್ಕಣೆಯನ್ನು ಅವರು, ನಾವು ನೀವು ಕಿರಾಣಿ ಅಂಗಡಿಯ ಯಾದಿ ಓದುತ್ತೇವಲ್ಲ, ಹಾಗೆ ಓದಿದರು. ಉಪ್ಪು, ಬೆಲ್ಲ, 'ನಾಳೆ ನಿನ್ನ ಸರದಿ'. ಮೈ ಜುಮ್ಮೆಂದಿತು. ನನ್ನ ನಿಲ್ದಾಣದಲ್ಲಿ ಇಳಿಯುವುದನ್ನು ಮರೆತು, ಮುಂದೆಲ್ಲೋ ಇಳಿದು ಆಫೀಸಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ.

ತಬಲಾ ಗೆಳೆಯರಿಗೂ ಅದನ್ನೇ ಕೇಳಲು ಹೇಳಿದ್ದೇನೆ, ಯಂತ್ರ ಬಿಟ್ಟು, ಸಾದಾ ವೇಗದಲ್ಲಿ. ಅವರಿಗೆ ಅಂಚೆಯವನ ಮೇಲೆ ಗುಮಾನಿ, ನನಗೆ ಎರಡನೆಯ ಸೊಸೆಯ ಮೇಲೆ. ಹದಿನಾರು ಅಧ್ಯಾಯ ಬಾಕಿ ಇವೆ. ಕೇಳಿ ಮುಗಿಸಿದವರು ನಮ್ಮಿಬ್ಬರಿಗೂ ಏನೂ ಹೇಳಬೇಡಿ, ಎದುರಿಗೆ ಸಿಕ್ಕರೆ ಮುಖ ಕೂಡ ಒಂಥರಾ ಮಾಡಬೇಡಿ.