ಅನುಪಲ್ಲವಿ ಯಾವಾಗ?

ಡಬ್ಲಿನ್ನಿನ ಪಬ್ಬುಗಳಲ್ಲಿ ಐರಿಷ್ ಸಾಂಪ್ರದಾಯಿಕ ಸಂಗೀತ ನುಡಿಸುವವರಲ್ಲಿ ಅರ್ಧ ಜನ ಕೇಳುಗರಿಗೆ ಬೆನ್ನು ಹಾಕಿಯೇ ಕೂತಿರುತ್ತಾರೆ. ಮೊದಲ ಸಲ ಹೋದವರಿಗೆ ಇದೇನು ದುರಹಂಕಾರ ಅನ್ನಿಸೀತು. ಹಾಗೇನಿಲ್ಲ. ನಡುವೆ ಒಂದು ಮೇಜು, ಅದರ ತುಂಬ ಬಿಯರ್ ಗ್ಲಾಸುಗಳು, ಸುತ್ತಲೂ ಪಿಟೀಲು, ಕೊಳಲು, ಅಕಾರ್ಡಿಯನ್, ಬ್ಯಾಂಜೊ. ಅವರು ನುಡಿಸುವುದು ಒಬ್ಬರಿಗೊಬ್ಬರು. ನಾವು ಕೇಳಿಸಿಕೊಂಡರೆ ಅವರದೇನೂ ತಕರಾರಿಲ್ಲ. ಪಕ್ಕದ ಮೇಜಿನವರು ಫುಟ್‌ಬಾಲ್ ಬಗ್ಗೆ ಕೂಗಾಡುತ್ತಿದ್ದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಆದರೆ ಯಾರಾದರೂ ಕಣ್ಣು ಮುಚ್ಚಿ ಹಾಡಲು ಶುರುಮಾಡಿದರೋ, ಇಡೀ ಪಬ್ಬು ಬಾಯಿ ಮುಚ್ಚಬೇಕು. ಮುಚ್ಚದವರನ್ನು ಗದರಿಸಲು ಮೂಲೆಯಲ್ಲಿ ಒಬ್ಬ ಹಿರಿಯರು ಇದ್ದೇ ಇರುತ್ತಾರೆ.

ಇದನ್ನು ‘ಸೆಷನ್’ ಅನ್ನುತ್ತಾರೆ. ಪ್ರವಾಸಿಗರು ಇದೆಲ್ಲ ಸಾವಿರ ವರ್ಷದಿಂದ ಹೀಗೇ ನಡೆದುಬಂದಿದೆ ಎಂದುಕೊಂಡು ಗೋಡೆಯ ಹಳೇ ಫೋಟೊಗಳನ್ನು ಭಕ್ತಿಯಿಂದ ನೋಡುತ್ತಾರೆ. ಮಟ್ಟುಗಳು ಹಳೆಯವೇ, ಪಬ್ಬಿನಲ್ಲಿ ಕೂತು ನುಡಿಸುವ ಪದ್ಧತಿ ಮಾತ್ರ ನಮ್ಮ ತಾತಂದಿರಿಗಿಂತ ಚಿಕ್ಕದು. ಮೊದಲು ಈ ಸಂಗೀತ ಇದ್ದದ್ದು ಹಳ್ಳಿಯ ಅಡುಗೆಮನೆಗಳಲ್ಲಿ, ಕುಣಿಯುವವರ ಕಾಲಿಗೆ. ಮನೆಮನೆಯ ಕುಣಿತ ಪಾದ್ರಿಗಳ ಕಣ್ಣಿಗೆ ಚುಚ್ಚುತ್ತಿತ್ತು. 1935ರಲ್ಲಿ ಸರ್ಕಾರ ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕೆಂದು ಕಾಯಿದೆ ತಂದ ಮೇಲೆ ಎಷ್ಟೋ ಊರುಗಳಲ್ಲಿ ಅಡುಗೆಮನೆಯ ಕುಣಿತಕ್ಕೂ ಸಂಚಕಾರ ಬಂತು. ಎರಡನೇ ಮಹಾಯುದ್ಧದ ನಂತರ ಲಂಡನ್ನಿಗೆ ಕೂಲಿಗೆ ಹೋದ ಐರಿಷ್ ಹುಡುಗರಿಗೆ ಬಾಡಿಗೆ ಕೋಣೆಯಲ್ಲಿ ಪಿಟೀಲು ಕುಯ್ಯುವ ಹಾಗಿರಲಿಲ್ಲ. ಅವರು ಕ್ಯಾಮ್ಡೆನ್ ಟೌನಿನ ಪಬ್ಬುಗಳಲ್ಲಿ ಕೂಡಿ ನುಡಿಸತೊಡಗಿದರು. ಆ ಚಾಳಿ ಆಮೇಲೆ ಸಮುದ್ರ ದಾಟಿ ತವರಿಗೆ ಬಂತು. ಊರು ಬಿಟ್ಟವರು ಊರಿಗೆ ಸಂಪ್ರದಾಯ ಕಳಿಸಿಕೊಟ್ಟದ್ದು ನನ್ನಂಥ ವಲಸಿಗನಿಗೆ ಒಳಗೊಳಗೇ ಖುಷಿ ಕೊಡುವ ಸಂಗತಿ.

ಮೈಸೂರಿನಿಂದ ಬಂದ ಗೆಳೆಯನೊಬ್ಬನನ್ನು ಇಂಥದೊಂದು ಕಡೆಗೆ ಕರೆದುಕೊಂಡು ಹೋಗಿದ್ದೆ. ಮೃದಂಗ ಕಲಿತವನು. ಕೂತ ಐದು ನಿಮಿಷಕ್ಕೇ ತೊಡೆಯ ಮೇಲೆ ತಾಳ ಹಾಕಲು ಶುರು. ಸ್ವಲ್ಪ ಹೊತ್ತಿಗೆ ಕಿವಿಯ ಹತ್ತಿರ ಬಂದು, “ಲೋ, ಪಲ್ಲವೀನೇ ತಿರುಗಿ ತಿರುಗಿ ನುಡಿಸ್ತಿದಾರಲ್ಲೋ. ಅನುಪಲ್ಲವಿ ಯಾವಾಗ?” ಅಂದ.

“ಅದೂ ಆಯ್ತು ಕಣೋ. ಇರೋದೇ ಎರಡು ತುಂಡು.”

ನಿಜವಾಗಿಯೂ ಅಷ್ಟೇ. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗ, ಒಂದೊಂದೂ ಎಂಟು ಆವರ್ತ, ಒಂದೊಂದನ್ನೂ ಎರಡೆರಡು ಸಲ. ಓಟದಲ್ಲಿ ನುಡಿಸಿದರೆ ಮುಕ್ಕಾಲು ನಿಮಿಷವೂ ಹಿಡಿಯುವುದಿಲ್ಲ. ಇಡೀ ಮಟ್ಟನ್ನು ಎರಡೋ ಮೂರೋ ಸುತ್ತು ಹೊಡೆದು, ನಿಲ್ಲದೆ ಇನ್ನೊಂದಕ್ಕೆ ಹಾರುತ್ತಾರೆ. ಆ ಹಾರುವ ಕ್ಷಣಕ್ಕಾಗಿಯೇ ನಾನು ಹೋಗುವುದು. ಮುಖ್ಯ ಪಿಟೀಲಿನವಳು ಕೊನೆಯ ಆವರ್ತದಲ್ಲಿ ಕತ್ತು ಸ್ವಲ್ಪ ಎತ್ತುತ್ತಾಳೆ, ಅಷ್ಟೇ ಸನ್ನೆ. ಮುಂದಿನ ಏಟಿಗೆ ಶ್ರುತಿಯ ನೆಲೆಯೇ ಬೇರೆ, ಮಟ್ಟೂ ಬೇರೆ. ಚಾರ್ಮಾಡಿ ಘಾಟಿಯಲ್ಲಿ ಕೆಂಪು ಬಸ್ಸು ಗೇರ್ ಬದಲಿಸಿದಾಗ ಸೀಟಿನಲ್ಲಿ ಕೂತವರೆಲ್ಲ ಒಂದು ಸಲ ಮುಂದಕ್ಕೆ ತೂಗುತ್ತಾರಲ್ಲ, ಹಾಗೆ ಮೇಜಿನ ಸುತ್ತ ಎಲ್ಲ ಭುಜಗಳೂ ತೂಗುತ್ತವೆ. ಯಾರೋ ‘ಹಪ್!’ ಅನ್ನುತ್ತಾರೆ. ಅದೇ ಅವರ ಭಲೆ, ಭೇಷ್.

ಗೆಳೆಯ ಬೇಗ ದಾರಿಗೆ ಬಂದ. ಜಿಗ್ ಎಂಬ ಕುಣಿತದ ಮಟ್ಟು ಅಂದರೆ ತಿಶ್ರ ನಡೆಯಲ್ಲಿ (ಏಟಿಗೆ ಮೂರು ಎಣಿಕೆ) ಎರಡು ಏಟು, ಸ್ಲಿಪ್ ಜಿಗ್ ಅಂದರೆ ಮೂರು ಏಟು ಎಂದು ಬೆರಳು ಮಡಚಿ ಖಚಿತಪಡಿಸಿಕೊಂಡ. ಪಿಟೀಲಿನವಳು ಉದ್ದ ಸ್ವರವೊಂದನ್ನು ಬರಿದೇ ಎಳೆಯದೆ ಚಟಕ್ಕನೆ ತಿರುಗಿಸಿದ್ದನ್ನು ಕಂಡುಹಿಡಿದು, “ಸರಿಸನಿಸ!” ಎಂದು ಮೊಣಕೈಯಿಂದ ತಿವಿದ. ಅವರು ‘ರೋಲ್’ ಅನ್ನುವುದು ಇದನ್ನೇ. ಆಮೇಲೆ ಬೌರಾನ್ ಎಂಬ ಮೇಕೆಚರ್ಮದ ತಮಟೆ ಬಾರಿಸುವವನ ಕಡೆ ನೋಡಿ, “ತನಿ ಆವರ್ತನ ಬಿಡಲ್ವಾ?” ಎಂದು ಕೇಳಿದ. ನಮ್ಮ ಕಛೇರಿಯಲ್ಲಿ ಮೃದಂಗದವನೊಬ್ಬನಿಗೇ ಬಿಟ್ಟುಕೊಡುವ ಹೊತ್ತು ಅದು. ಪಾಪ. ಬೌರಾನ್ ಬಾರಿಸುವವರಿಗೆ ಈ ಸಂಗೀತದಲ್ಲಿ ಸಿಗುವುದು ಮುಖ್ಯವಾಗಿ ಹಾಸ್ಯ. ಅದನ್ನು ನುಡಿಸಲು ತಕ್ಕ ಸಾಧನ ಪೆನ್‌ನೈಫ್ ಎಂದು ಪೈಪ್ ವಿದ್ವಾಂಸ ಷೇಮಸ್ ಎನ್ನಿಸ್ ಹೇಳಿದ್ದರಂತೆ. ಎಲ್ಲರ ಬಾಯಲ್ಲೂ ಓಡಾಡುವ ಮಾತು. ಒಬ್ಬ ಬೌರಾನಿನವನು ಕೂತಿದ್ದಾಗ ಇನ್ನೊಬ್ಬ ಚೀಲ ಹಿಡಿದು ಒಳಗೆ ಬಂದರೆ ಮೇಜಿನ ಸುತ್ತ ಹರಿದಾಡುವ ನೋಟವನ್ನು ನೀವು ನೋಡಬೇಕು.

ಇನ್ನು ಇಲ್ಲನ್ ಪೈಪ್ಸ್. ಸ್ಕಾಟ್‌ಲೆಂಡಿನವರು ಕೆನ್ನೆ ಉಬ್ಬಿಸಿ ಊದುವ ವಾದ್ಯದ ತಂಗಿ ಇದು. ಆದರೆ ಬಾಯಿಗೆ ಕೆಲಸವೇ ಇಲ್ಲ. ಸೊಂಟಕ್ಕೊಂದು ಪಟ್ಟಿ, ಬಲ ಮೊಣಕೈಗೆ ಕಟ್ಟಿದ ತಿದಿ, ಎಡಗಂಕುಳಲ್ಲಿ ಗಾಳಿಯ ಚೀಲ, ತೊಡೆಯ ಮೇಲೆ ಚರ್ಮದ ತುಂಡು, ನುಡಿಸುವ ಕೊಳವೆಯ ತುದಿಯನ್ನು ಅದಕ್ಕೆ ಒತ್ತಿ ಮುಚ್ಚಲು. ಮಣಿಕಟ್ಟಿನಿಂದ ಒತ್ತುವ ಕೀಲಿಗಳು ಬೇರೆ. ಇಷ್ಟೆಲ್ಲ ಕಟ್ಟಿಕೊಂಡು ಕೂತವನು ನುಡಿಸುತ್ತಲೇ ಪಕ್ಕದವರ ಹತ್ತಿರ ಹರಟಬಲ್ಲ. ಕಲಿಯಲು ಏಳು ವರ್ಷ, ಸಾಧನೆಗೆ ಏಳು, ನುಡಿಸುವುದರಲ್ಲಿ ಏಳು, ಒಟ್ಟು 21 ವರ್ಷಕ್ಕೆ ಒಬ್ಬ ಪೈಪರ್ ಎಂಬ ಲೆಕ್ಕ ಇವರಲ್ಲಿದೆ. 2017ರಲ್ಲಿ ಯುನೆಸ್ಕೊ ಈ ಪೈಪ್ ವಾದನವನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ನುಡಿಸುವುದು ನಿಂತಮೇಲೆ ಶುರುವಾಗುವ ಚರ್ಚೆಯೇ ನನಗೆ ಕಛೇರಿಯ ಎರಡನೇ ಭಾಗ. ಮುಖ್ಯ ಜಗಳ ವೇಗದ್ದು. ಕ್ಲೇರ್ ಜಿಲ್ಲೆಯ ಮಾರ್ಟಿನ್ ಹೇಯ್ಸ್ ಪಿಟೀಲನ್ನು ಆರಾಮಾಗಿ, ನಿಧಾನವಾಗಿ ನುಡಿಸುತ್ತಾರೆ. ಶಿಕಾಗೊದ ಡೆನಿಸ್ ಕಾಹಿಲ್ ಗಿಟಾರಿನಲ್ಲಿ ಎಣಿಸಿದಂತೆ ನಾಲ್ಕೇ ಸ್ವರ ಇಡುತ್ತಿದ್ದರು. 1999ರಲ್ಲಿ ಹೊರಬಂದ ಇವರ ಸಿಯಾಟಲ್ ಕಛೇರಿಯ ಆಲ್ಬಮ್ಮಿನಲ್ಲಿ ಮಟ್ಟಿನಿಂದ ಮಟ್ಟಿಗೆ ದಾಟುತ್ತ ಅರ್ಧ ಗಂಟೆಯ ಹತ್ತಿರಕ್ಕೆ ಬೆಳೆಯುವ ಒಂದು ಸರಣಿ ಇದೆ. ಇದಕ್ಕೆ ಕಾಲು ಕುಣಿಯುವುದಿಲ್ಲ ಎಂದು ಮೂಗು ಮುರಿಯುವವರು ಇದ್ದಾರೆ. ಕುಣಿಯಬೇಕಾದ್ದು ಕಾಲೊಂದೇ ಏನು? ನಾನು ಹೇಯ್ಸ್ ಪಕ್ಷ.

ಇನ್ನೊಂದು ಜಗಳ ಧ್ವನಿಮುದ್ರಣದ್ದು. ಸ್ಲೈಗೊದಿಂದ ನ್ಯೂಯಾರ್ಕಿಗೆ ಹೋದ ಮೈಕೆಲ್ ಕೋಲ್ಮನ್ 1920ರ ದಶಕದಲ್ಲಿ ಕೊಟ್ಟ ಪ್ಲೇಟುಗಳು ಐರ್ಲೆಂಡಿಗೆ ಬಂದಿಳಿದದ್ದೇ ತಡ, ಕಂಡಕಂಡವರೆಲ್ಲ ಸ್ಲೈಗೊ ಬಾನಿಯಲ್ಲಿ ಕಮಾನು ಆಡಿಸತೊಡಗಿದರು. ತಮ್ಮೂರಿನ ಬಾನಿ ಸಪ್ಪೆ ಅನ್ನಿಸಿತು. ಉಪಕಾರವೋ ಅಪಕಾರವೋ ಎಂದು ಇವತ್ತಿಗೂ ಗ್ಲಾಸು ಖಾಲಿಯಾಗುವತನಕ ಮಾತು. ಶಿಕಾಗೊದ ಪೊಲೀಸ್ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲೇ 1850 ಮಟ್ಟುಗಳನ್ನು ಅಚ್ಚು ಹಾಕಿಸಿದ್ದ. ಪುಸ್ತಕ ಇದ್ದಮೇಲೆ ವಾದ ಮುಗಿಯಬೇಕಿತ್ತು. ಆದರೆ ಅಲ್ಲಿ ಯಾರೂ ಪುಸ್ತಕ ತೆಗೆಯುವುದಿಲ್ಲ. ಇದನ್ನು ಯಾರಿಂದ ಕಲಿತೆ ಎಂದು ಕೇಳುತ್ತಾರೆ.

“ಓ, ಪಾಠಾಂತರ!” ಅಂದ ಗೆಳೆಯ. ಗುರುವಿನ ಬಾಯಿಂದ ಕಲಿತು ಬಂದದ್ದಕ್ಕೆ ನಮ್ಮ ಸಂಗೀತದವರು ಅನ್ನುವ ಮಾತು. ಪಬ್ಬಿಗೆ ಬಂದ ಮೇಲೆ ಅವನ ಮುಖ ಅಷ್ಟು ಅರಳಿದ್ದು ಆಗಲೇ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಬ್ಯಾಂಡಿನವರ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದ ನೊಟ್ಟುಸ್ವರಗಳಲ್ಲಿ ಐರಿಷ್ ಮಟ್ಟುಗಳೂ ಇರುವುದನ್ನು ಬಲ್ಲವರು ಗುರುತಿಸಿದ್ದಾರೆ. ನಾನು ಅದನ್ನು ಹೇಳಿದಾಗ, “ಮೊದಲೇ ಹೇಳಬಾರದಿತ್ತೇನೋ, ಇನ್ನೂ ಗತ್ತಿನಲ್ಲಿ ತಾಳ ಹಾಕ್ತಿದ್ದೆ” ಎಂದ.

ಮೈಸೂರಿಗೆ ಮರಳಿದ ಮೇಲೆ ಅವನು ಒಂದು ಜಿಗ್ಗಿಗೆ ಸ್ವರಪ್ರಸ್ತಾರ ಬರೆದು ಕಳಿಸಿದ್ದಾನೆ. ಎರಡನೇ ಭಾಗದಲ್ಲಿ ಬರುವ ನಿಷಾದ ಮೇಲಿನ ಕಾಕಲಿಯೋ ಕೆಳಗಿನ ಕೈಶಿಕಿಯೋ ಎಂಬಲ್ಲಿ ನಮ್ಮಿಬ್ಬರಿಗೆ ಬಿದ್ದಿದೆ. ಪೈಪಿನವರು ಎಷ್ಟೋ ಸಲ ಅದನ್ನು ಎರಡರ ನಡುವೆಯೇ ಹಿಡಿಯುತ್ತಾರೆ. ಶ್ರುತಿ ತಪ್ಪಿದ್ದು ಅನ್ನುತ್ತಾನೆ ಅವನು. ಬೇಕೆಂದೇ ಹಾಗೆ ಹಿಡಿಯುವುದು ಎಂದು ನಾನು. ಭಾನುವಾರ ಫೋನಿನಲ್ಲಿ ಇದೇ ಆಯಿತು, ಬರುವ ಭಾನುವಾರವೂ ಇದೇ.