ನಡೆದರೆ ಹುಷಾರಾದ ಹಾಗಾ?

ಲಕ್ವ (ಸ್ಟ್ರೋಕ್) ಹೊಡೆದು ಆಸ್ಪತ್ರೆ ಸೇರಿದ್ದ ಚಿಕ್ಕಪ್ಪನ ವಿಷಯ ಹೇಳಲು ಹಾಸನದಿಂದ ತಮ್ಮ ಫೋನ್ ಮಾಡಿದ್ದ. "ಚಿಕ್ಕಪ್ಪ ಪೂರ್ತಿ ಹುಷಾರು ಕಣಣ್ಣ. ವಾರ್ಡಿನ ತುದಿವರೆಗೂ ನಡೆದ್ರು, ಡಿಸ್ಚಾರ್ಜ್ ಆಯ್ತು." ಸಂಜೆ ಚಿಕ್ಕಪ್ಪನನ್ನೇ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದೆ. "ಏನ್ ಹುಷಾರೋ ಮಗಾ, ಪಂಚೆ ಉಡ್ಸೋಕೂ ನಿಮ್ಮ ಚಿಕ್ಕಮ್ಮನೇ ಬರ್ಬೇಕು" ಅಂದರು. ಆ ಮಾತು ಚುಚ್ಚಿತು.

ಲಕ್ವ ಹೊಡೆದದ್ದು ಎಡಗಡೆ. ಪಂಚೆ ಉಡಲು ಒಂದು ಕೈ ಅಂಚು ಹಿಡಿದಿರಬೇಕು, ಇನ್ನೊಂದು ಕೈ ಸುತ್ತು ತಂದು ಸೊಂಟಕ್ಕೆ ಸಿಕ್ಕಿಸಬೇಕು. ಅವರ ಎಡಗೈ ಅಂಚು ಹಿಡಿಯುತ್ತದೆ, ಸುತ್ತು ಬರುವಷ್ಟರಲ್ಲಿ ಬಿಟ್ಟುಬಿಡುತ್ತದೆ. ಬೇಲೂರು ಚೆನ್ನಕೇಶವನ ತೇರಿಗೆ ತಾವೇ ಪಂಚೆ ಉಟ್ಟು ಹೋಗಬೇಕೆಂಬುದು ಅವರ ಆಸೆ. ಆಸ್ಪತ್ರೆಯಲ್ಲಿ ಯಾರೂ ಅದನ್ನು ಕೇಳಲೇ ಇಲ್ಲ.

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಪಕ್ಕದ ಮನೆಯ ಅಜ್ಜಿಗೂ ಸ್ಟ್ರೋಕ್ ಆಗಿತ್ತು. ಮನೆಗೆ ಬಂದ ಥೆರಪಿಸ್ಟ್ ಕೈಕಾಲು ಮುಟ್ಟಿ ನೋಡುವ ಮೊದಲೇ, ನಿಮಗೆ ಏನು ಮಾಡುವಂತಾಗಬೇಕು ಎಂದು ಕೇಳಿದರಂತೆ. ಟೀ ಮಾಡಿ, ಚೆಲ್ಲದೆ ಸೋಫಾವರೆಗೆ ತರಬೇಕು ಅಂದರಂತೆ ಅಜ್ಜಿ. ಅದೇ ಗುರಿಯಾಯಿತು. ಆ ಗುರಿ ಎಷ್ಟು ಮುಟ್ಟಿತು ಅನ್ನೋದಕ್ಕೆ ಅಂಕ: ಅಂದುಕೊಂಡಷ್ಟು ಆದರೆ ಸೊನ್ನೆ, ಅದಕ್ಕಿಂತ ಬಹಳ ಜಾಸ್ತಿ ಆದರೆ ಪ್ಲಸ್ 2, ಬಹಳ ಕಡಿಮೆಯಾದರೆ ಮೈನಸ್ 2. ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್ ಎನ್ನುವ ಈ ಪದ್ಧತಿ 1968ರಿಂದಲೂ ಇದೆ. ಇದಕ್ಕೆ ಯಂತ್ರ ಬೇಡ, ಪೆನ್ನು ಹಾಳೆ ಸಾಕು.

ನಮ್ಮಲ್ಲಿ ನಡೆದರೆ ಮುಗೀತು. ಹೆಚ್ಚೆಂದರೆ ಬಾರ್ಥೆಲ್ ಇಂಡೆಕ್ಸ್ ಹಾಕುತ್ತಾರೆ. ಊಟ, ಸ್ನಾನ, ಶೌಚ, ಬಟ್ಟೆ, ಮೆಟ್ಟಿಲು ಹೀಗೆ 10 ವಿಷಯಕ್ಕೆ 100 ಅಂಕ. ಯಾರಿಗೆ ಎಷ್ಟು ಸಹಾಯ ಬೇಕು ಅಂತ ತಿಳಿಯಲು ಅದು ಬೇಕೇ ಬೇಕು. ಆದರೆ ಮಾತಿಗೆ ಅದರಲ್ಲಿ ಅಂಕವೇ ಇಲ್ಲ. ನೂರಕ್ಕೆ ನೂರು ಬಂದವರಿಗೂ ಮಗಳ ಹೆಸರು ಬಾಯಿಗೆ ಬರದೆ ಇರಬಹುದು. ಪಂಕ್ತಿಯಲ್ಲಿ ನೆಲಕ್ಕೆ ಕೂತು ಊಟ ಮಾಡಿ ಏಳುವುದಂತೂ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಮ್ಮ ಕಡೆ ಮದುವೆಗೆ ಹೋಗುವವನಿಗೆ ಅದೂ ಬೇಕಲ್ವಾ?

ಒಂದು ಮಾತು ಒಪ್ಪಲೇಬೇಕು. ಇಲ್ಲಿ ಥೆರಪಿಸ್ಟ್ ಬರುವುದು ನಿಂತ ಮೇಲೆ ಅಜ್ಜಿ ದಿನವಿಡೀ ಒಬ್ಬರೇ. ಚಿಕ್ಕಪ್ಪನನ್ನು ಪಕ್ಕದ ಮನೆಯ ಹುಡುಗ ಜೀಪಿನಲ್ಲಿ ಕೂರಿಸಿಕೊಂಡು ತೋಟ ಸುತ್ತಿಸಿಕೊಂಡು ಬರುತ್ತಾನೆ. ನಮ್ಮ ಫಿಸಿಯೋಥೆರಪಿಸ್ಟ್‌ಗಳ ಬಾಗಿಲಲ್ಲಿ ಜನ ಸಾಲುಗಟ್ಟಿರುತ್ತಾರೆ, ಅದೂ ನಿಜ. ಆದರೂ ಅಷ್ಟು ಜನ ಸುತ್ತ ಇದ್ದು, ನಿಮಗೆ ಏನಾಗಬೇಕು ಅಂತ ಒಬ್ಬರೂ ಅವರನ್ನು ಕೇಳಲಿಲ್ಲವಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ.