ಬಿ.ಇಡಿ. ಕಲಾ ಅವಧಿಗೆ ಥರ್ಮಾಕೋಲ್ ಬೇಡ, ಕೆರೆ ಮಣ್ಣು ತನ್ನಿ

ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು, ನಾಟಕ ಮತ್ತು ಕಲೆಗೂ ಅದರಲ್ಲಿ ಜಾಗ ಸಿಕ್ಕಿತು. ಬಹಳ ಕಡೆ ಆ ಅವಧಿ ರೆಕಾರ್ಡ್ ಪುಸ್ತಕಕ್ಕೆ ಬಾರ್ಡರ್ ಹಾಕುವುದರಲ್ಲೇ ಮುಗಿದುಹೋಗುತ್ತಿದೆ. ದುಡ್ಡು ಕೊಟ್ಟು ಚಾರ್ಟ್ ಬರೆಸುವವರೂ ಇದ್ದಾರೆ. ಇದು ನಿಲ್ಲಬೇಕು. ಮೇಷ್ಟ್ರಾಗುವವರು ತಮ್ಮ ಕೈಗೆ ಸುಲಭಕ್ಕೆ ಬಗ್ಗದ ಕೆಲಸವೊಂದನ್ನು ಮಾಡಿಯೇ ತರಗತಿಗೆ ಹೋಗಬೇಕು. ಮಗುವಿನ ತಪ್ಪನ್ನು ನೋಡುವ ಕಣ್ಣು ಅಲ್ಲಿ ಬದಲಾಗುತ್ತದೆ.

ಮಣ್ಣಿನ ಕೆಲಸವನ್ನೇ ತೆಗೆದುಕೊಳ್ಳಿ. ಒಬ್ಬರಿಗೆ ಕೆರೆಯ ಜೇಡಿಮಣ್ಣು ಒಂದು ಕೆಜಿ ಸಾಕು. ಒಣಗಿಸಿ ಪುಡಿಮಾಡಿ, ಎರಡು ದಿನ ನೆನೆಹಾಕಿ, ಸೊಳ್ಳೆಪರದೆ ಬಟ್ಟೆಯಲ್ಲಿ ಸೋಸಿ. ಮೇಲಿನ ನೀರು ಬಸಿದು, ಬಟ್ಟೆಯ ಮೇಲೆ ಹರವಿ, ಕೈಗೆ ಅಂಟದ ಹದಕ್ಕೆ ಬಂದಾಗ ಹತ್ತು ಪಾಲಿಗೆ ಒಂದು ಪಾಲು ನಯವಾದ ಮರಳು ಸೇರಿಸಿ ನಾದಿ. ಈಗ ಒಂದು ಎಮ್ಮೆ ಮಾಡಲು ಹೇಳಿ. ಮಾರನೇ ದಿನ ಹೆಚ್ಚಿನ ಎಮ್ಮೆಗಳು ಕಾಲು ಸೇರುವ ಕಡೆ ಬಿರುಕು ಬಿಟ್ಟಿರುತ್ತವೆ. ತೆಳ್ಳಗಿನ ಕಾಲು ಬೇಗ ಒಣಗಿ ಕುಗ್ಗುತ್ತದೆ, ದಪ್ಪ ಹೊಟ್ಟೆ ಇನ್ನೂ ಹಸಿಯಾಗಿರುತ್ತದೆ, ಎರಡರ ಎಳೆದಾಟದಲ್ಲಿ ಬೆಸುಗೆ ಬಿಡುತ್ತದೆ. ಬಿರುಕಿಗೆ ಹಸಿ ಮಣ್ಣು ಮೆತ್ತಿದರೆ ಅದೂ ಒಣಗಿ ಉದುರುತ್ತದೆ. ಹೊಟ್ಟೆಯನ್ನು ಬೆರಳು ದಪ್ಪ ಉಳಿಯುವಷ್ಟು ಟೊಳ್ಳು ಮಾಡಬೇಕು. ಸೇರಿಸುವ ಎರಡೂ ಮುಖಗಳನ್ನು ಕಡ್ಡಿಯಿಂದ ಗೀರಿ, ಗಂಜಿಯಂಥ ಮಣ್ಣು ಸವರಿ ಒತ್ತಬೇಕು. ಆಮೇಲೆ ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ನಿಧಾನ ಒಣಗಿಸಬೇಕು.

52ರಿಂದ 37 ಕಳೆದು 25 ಎಂದು ಬರೆದ ಮಗುವಿನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 15 ಎಂದು ತಿದ್ದುವುದೂ ಬಿರುಕಿಗೆ ಮಣ್ಣು ಮೆತ್ತಿದ ಹಾಗೆಯೇ. ಆ ಮಗು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಅದಕ್ಕೊಂದು ಲೆಕ್ಕಾಚಾರವಿದೆ. ಬಿರುಕಿನ ಕಾರಣ ಹುಡುಕಿ ಎಮ್ಮೆಯನ್ನು ಮತ್ತೆ ಮಾಡಿದವರಿಗೆ ಈ ಲೆಕ್ಕದ ಮುಂದೆಯೂ ‘ಎಲ್ಲಿಂದ ಬಂತು’ ಎಂಬ ಪ್ರಶ್ನೆ ಮೊದಲು ಏಳುತ್ತದೆ.

ತುಮಕೂರಿನವರಿಗೆ ಗೂಳೂರು ಪಕ್ಕದಲ್ಲೇ ಇದೆ. ಅಲ್ಲಿನ ಮಣ್ಣಿನ ಗಣಪನ ಕೆಲಸ ಚೌತಿಗೆ ಶುರುವಾದರೆ ಮುಗಿಯುವುದು ದೀಪಾವಳಿ ಹೊತ್ತಿಗೆ. ಪ್ರಶಿಕ್ಷಣಾರ್ಥಿಗಳನ್ನು ಆ ನಡುವೆ, ಮಣ್ಣು ಹಸಿಯಿರುವಾಗಲೇ ಕರೆದುಕೊಂಡು ಹೋಗಿ.

ಎರಡನೆಯದು ಹಾಳೆ ನೋಡದೆ ಬರೆಯುವ ರೇಖಾಚಿತ್ರ. ಮೊದಲು ನೆನಪಿನಿಂದ ರಾಗಿ ತೆನೆ ಬರೆಸಿ. ನಮ್ಮ ಸೀಮೆಯಲ್ಲಿ ರಾಗಿ ನೋಡದವರು ಯಾರು? ಆದರೂ ಹಲವರು ಒಂದೇ ಬಿಂದುವಿನಿಂದ ಹೊರಟ ನೇರ ಬೆರಳುಗಳನ್ನು ಬರೆಯುತ್ತಾರೆ. ಆಮೇಲೆ ಕೈಗೆ ತೆನೆ ಕೊಡಿ. 2ಬಿ ಪೆನ್ಸಿಲ್, ಎ4 ಹಾಳೆ, ಹತ್ತು ನಿಮಿಷ, ರಬ್ಬರ್ ಇಲ್ಲ. ಕಣ್ಣು ಅಂಚಿನ ಮೇಲೆ ಹರಿದಷ್ಟೇ ವೇಗದಲ್ಲಿ ಪೆನ್ಸಿಲ್ ಹರಿಯಬೇಕು. ಎರಡು ನಿಮಿಷಕ್ಕೆಲ್ಲ ಕಣ್ಣು ಹಾಳೆಗೆ ಜಾರುತ್ತದೆ. ರಟ್ಟಿನ ತುಂಡಿಗೆ ತೂತು ಮಾಡಿ ಪೆನ್ಸಿಲ್ ತೂರಿಸಿದರೆ ಕೈ ಮರೆಯಾಗುತ್ತದೆ. ಚಿತ್ರ ಸೊಟ್ಟಗಿರುತ್ತದೆ, ಇರಲಿ. ಬೆರಳುಗಳು ಒಳಕ್ಕೆ ಬಾಗಿರುವುದು, ಹೆಬ್ಬೆರಳಿನಂತೆ ಒಂದು ಬೆರಳು ಉಳಿದವುಗಳಿಗಿಂತ ಕೆಳಗೆ ಹುಟ್ಟುವುದು ಈ ಸೊಟ್ಟ ಗೆರೆಯಲ್ಲಿ ಬಂದಿರುತ್ತದೆ. ಗೊತ್ತು ಎಂದುಕೊಂಡಿದ್ದನ್ನು ನಿಜಕ್ಕೂ ನೋಡಿರಲಿಲ್ಲ ಎಂಬ ಅರಿವು ವಿಜ್ಞಾನದ ಮೇಷ್ಟ್ರಿಗಂತೂ ತುಂಬ ಬೇಕು.

ಪ್ರಾಥಮಿಕ ಶಾಲೆಗೆ ಹೋಗುವವರು ಇನ್ನೊಂದನ್ನು ತಿಳಿದಿರಲಿ. ಆರೇಳು ವರ್ಷದ ಮಗು ಗೋಡೆಯೊಳಗಿನ ಅಡುಗೆಮನೆಯೂ ಕಾಣುವಂತೆ ಮನೆ ಬರೆಯುತ್ತದೆ. ತನಗೆ ಗೊತ್ತಿರುವುದನ್ನು ಅದು ಹೇಳುತ್ತಿದೆ, ತಿದ್ದಬೇಡಿ. ‘ಇದರ ಬಗ್ಗೆ ಹೇಳಮ್ಮ’ ಎನ್ನಿ. ಒಂಬತ್ತು ಹತ್ತರ ವಯಸ್ಸಿಗೆ ‘ಇದ್ದ ಹಾಗೆ ಬರುತ್ತಿಲ್ಲ’ ಎಂದು ಬಹಳ ಮಕ್ಕಳು ಚಿತ್ರವನ್ನೇ ಬಿಡುತ್ತಾರೆ. ಆಗ ಬೇಕಾದ್ದು ಹೊಗಳಿಕೆಗಿಂತ ನೋಡುವ ವಿಧಾನ. ಅದನ್ನು ತಾವೇ ಅಭ್ಯಾಸ ಮಾಡಿದವರು ಮಾತ್ರ ಹೇಳಿಕೊಡಬಲ್ಲರು.

ಕಾಲೇಜಿನವರಲ್ಲಿ ಎರಡು ಕೋರಿಕೆ. ಎರಡು ಅವಧಿ ಒಟ್ಟಿಗೆ ಕೊಡಿ, 45 ನಿಮಿಷದಲ್ಲಿ ಮಣ್ಣು ತೆಗೆದು, ಕೈ ತೊಳೆಯುವುದರಲ್ಲೇ ಅರ್ಧ ಹೋಗುತ್ತದೆ. ಅಂಕದಲ್ಲಿ ಅರ್ಧವನ್ನು ಒಂದು ಪುಟದ ಟಿಪ್ಪಣಿಗೆ ಇಡಿ: ಏನು ಕೆಟ್ಟಿತು, ಏಕೆ, ಮುಂದಿನ ಸಲ ಏನು ಬದಲಿಸಿದೆ. ಒಡೆದ ಎಮ್ಮೆಯನ್ನೂ ಟಿಪ್ಪಣಿಯ ಜೊತೆ ತಂದೊಪ್ಪಿಸಲಿ.